ಹಾಡಿ ಯಾರದ್ದು? ಕುಂದಾಪುರ ಸೀಮೆಯ ಕಾಡು, ಅರಣ್ಯ ಇಲಾಖೆ ಮತ್ತು ನಾವು

ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿದ 'ಕಾಂತಾರ' 2022ರಲ್ಲಿ ತೆರೆಗೆ ಬಂದ ಮೇಲೆ ನಮ್ಮ ಕಡೆಯ ಕಾಡು ಇಡೀ ದೇಶಕ್ಕೇ ಗೊತ್ತಾಯಿತು. ಅದರಲ್ಲಿ ಒಬ್ಬ ಅರಣ್ಯಾಧಿಕಾರಿ ಮೀಸಲು ಅರಣ್ಯದ ಗಡಿ ಗುರುತು ಮಾಡಲು ಬರುತ್ತಾರೆ, ಊರವರು ತಿರುಗಿ ಬೀಳುತ್ತಾರೆ. ಸಿನಿಮಾ ನೋಡಿದವರೆಲ್ಲ ದೈವದ ಬಗ್ಗೆ ಮಾತಾಡಿದರು, ಕಂಬಳದ ಬಗ್ಗೆ ಮಾತಾಡಿದರು. ಆದರೆ ಆ ಗಡಿ ಅಂದರೆ ನಿಜವಾಗಿ ಏನು, ಅದನ್ನು ಯಾವ ಕಾನೂನಿನಡಿ ಹಾಕುತ್ತಾರೆ, ಅದರ ಒಳಗೆ ಸೊಪ್ಪು ಕಡಿಯುವವನ ಹಕ್ಕು ಏನಾಗುತ್ತದೆ ಎಂದು ಕೇಳಿದವರು ಕಡಿಮೆ.

ಈ ಲೇಖನದಲ್ಲಿ ಅದನ್ನೇ ಸ್ವಲ್ಪ ಪಾಠದ ರೀತಿಯಲ್ಲಿ ನೋಡೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳನ್ನು ಕಣ್ಣ ಮುಂದೆ ಇಟ್ಟುಕೊಂಡರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಯಾಕೆಂದರೆ ಇಲ್ಲಿ ಘಟ್ಟದ ಕಾಡಿದೆ, ಮನೆ ಹಿಂದಿನ ಹಾಡಿ ಇದೆ, ಹೊಳೆ ಬಾಯಿಯ ಕಾಂಡ್ಲಾ ಇದೆ, ಕಡಲ ಬದಿಯ ಗಾಳಿ ಮರವೂ ಇದೆ.

1. ಮೊದಲು ನಕ್ಷೆ

ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರ ತಾಲೂಕುಗಳಾಗಿದ್ದು ಇತ್ತೀಚೆಗೆ. ಆದರೆ ಕಾಡಿನ ಆಡಳಿತಕ್ಕೆ ತಾಲೂಕಿನ ಗಡಿ ಮುಖ್ಯವಲ್ಲ. ಅರಣ್ಯ ಇಲಾಖೆಯ ಲೆಕ್ಕವೇ ಬೇರೆ: ವೃತ್ತ, ವಿಭಾಗ, ಉಪವಿಭಾಗ, ವಲಯ, ಶಾಖೆ, ಕೊನೆಗೆ ಗಸ್ತು, ಅಂದರೆ ಬೀಟ್. ನಮ್ಮ ಕಡೆಯದು ಮಂಗಳೂರು ವೃತ್ತದ ಕುಂದಾಪುರ ಅರಣ್ಯ ವಿಭಾಗ. ಇದರ ಮುಖ್ಯಸ್ಥರು ಉಪ ಅರಣ್ಯ ಸಂರಕ್ಷಣಾಧಿಕಾರಿ, ನಾವು ಬಾಯಲ್ಲಿ ಡಿಸಿಎಫ್ ಅನ್ನುತ್ತೇವೆ. ಅವರ ಕೆಳಗೆ ಎಸಿಎಫ್, ವಲಯಕ್ಕೆ ಆರ್‌ಎಫ್‌ಒ, ಶಾಖೆಗೆ ಉಪ ವಲಯ ಅರಣ್ಯಾಧಿಕಾರಿ, ಬೀಟಿಗೆ ಗಸ್ತು ಅರಣ್ಯ ಪಾಲಕ. ಊರವರಿಗೆ ದಿನಾ ಸಿಗುವವರು ಈ ಕೊನೆಯವರು. 'ಫಾರೆಸ್ಟಿನವ್ರು' ಅಂದರೆ ನಮಗೆ ಅವರೇ.

ಘಟ್ಟದ ಬುಡದಲ್ಲಿ ಮತ್ತೊಂದು ಲೆಕ್ಕ ಶುರುವಾಗುತ್ತದೆ. ಕೊಲ್ಲೂರಿನ ಸುತ್ತಲಿನ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ 1974ರಲ್ಲಿ 247 ಚದರ ಕಿ.ಮೀ. ವಿಸ್ತೀರ್ಣದಲ್ಲಿ ಘೋಷಣೆಯಾಯಿತು. 2011ರಲ್ಲಿ ಅದನ್ನು 370.37 ಚದರ ಕಿ.ಮೀ.ಗೆ ವಿಸ್ತರಿಸಿದರು. ಇದನ್ನು ನೋಡಿಕೊಳ್ಳುವುದು ಕಾರ್ಕಳದಲ್ಲಿ ಕಚೇರಿ ಇರುವ ಕುದುರೆಮುಖ ವನ್ಯಜೀವಿ ವಿಭಾಗ. ಇದರ ಉತ್ತರಕ್ಕೆ ಶರಾವತಿ ಕಣಿವೆ ಅಭಯಾರಣ್ಯ, ದಕ್ಷಿಣಕ್ಕೆ ಸೋಮೇಶ್ವರ ಅಭಯಾರಣ್ಯ. ಮೂರೂ ಸೇರಿ ಒಂದು ಉದ್ದನೆಯ ಹಸಿರು ಪಟ್ಟಿ. ಸಿಂಗಳೀಕದಂಥ ಪ್ರಾಣಿ, ಮರದಿಂದ ಮರಕ್ಕೇ ಹೋಗುವಂಥದ್ದು, ಬದುಕಲು ಈ ಪಟ್ಟಿ ತುಂಡಾಗದೆ ಇರಬೇಕು.

ಘಟ್ಟದಲ್ಲಿ ಬಿದ್ದ ಮಳೆ ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಹೊಳೆಗಳಾಗಿ ಇಳಿದು ಗಂಗೊಳ್ಳಿ ಹತ್ತಿರ ಪಂಚಗಂಗಾವಳಿಯಾಗಿ ಕಡಲು ಸೇರುತ್ತದೆ. ಬ್ರಹ್ಮಾವರದ ಕಡೆ ಸೀತಾ ನದಿ ಇದೆ. ಹಾಗಾಗಿ ಮೇಲಿನ ಕಾಡಿಗೆ ಏನಾದರೂ ಆದರೆ ಮಾರ್ಚ್ ತಿಂಗಳ ಬಾವಿ ನೀರಿನಲ್ಲಿ ಅದು ಗೊತ್ತಾಗುತ್ತದೆ.

2. ಕುಮ್ಕಿ ಎಂಬ ನಮ್ಮೂರ ವ್ಯವಸ್ಥೆ

ಬ್ರಿಟಿಷರ ಕಾಲದಲ್ಲಿ ಕೆನರಾ ಜಿಲ್ಲೆ ಒಡೆದು, 1862ರಲ್ಲಿ ಉತ್ತರ ಕನ್ನಡ ಬಾಂಬೆ ಪ್ರಾಂತ್ಯಕ್ಕೆ ಹೋಯಿತು. ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದ ಜೊತೆ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. ಇದೊಂದು ಹಳೇ ಕಥೆ ಅನ್ನಿಸಬಹುದು, ಆದರೆ ಇವತ್ತಿನ ಪಹಣಿಯಲ್ಲೂ ಅದರ ಗುರುತಿದೆ. ಶಿರೂರು ಗಡಿ ದಾಟಿ ಭಟ್ಕಳಕ್ಕೆ ಹೋದರೆ ಅಡಿಕೆ ತೋಟದವರು 'ಸೊಪ್ಪಿನ ಬೆಟ್ಟ' ಅನ್ನುತ್ತಾರೆ. ಈಚೆ ನಮ್ಮಲ್ಲಿ 'ಕುಮ್ಕಿ' ಅನ್ನುತ್ತೇವೆ.

ಕುಮ್ಕಿ ಅಂದರೆ ಏನು? ಹಳೆಯ ವರ್ಗದ ಜಮೀನಿನ ಗಡಿಯಿಂದ 100 ಗಜ, ಅಂದರೆ ಸುಮಾರು 91 ಮೀಟರ್ ಒಳಗಿನ ಸರ್ಕಾರಿ ಜಾಗ. ಮಾಲಿಕತ್ವ ಸರ್ಕಾರದ್ದು. ಆದರೆ ಪಕ್ಕದ ಗದ್ದೆ ತೋಟದವನಿಗೆ ಅಲ್ಲಿ ದನ ಮೇಯಿಸಲು, ಸೊಪ್ಪು ತರಲು, ಬೇಸಾಯಕ್ಕೆ ಮತ್ತು ಮನೆ ಬಳಕೆಗೆ ಕಟ್ಟಿಗೆ ತರಲು ಸವಲತ್ತು ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಕುಮ್ಕಿ, ಬಾಣೆ, ಕಾಣೆಗಳ ಈ ಸವಲತ್ತನ್ನು ಉಳಿಸಿದ್ದಾರೆ.

ಇಲ್ಲಿ 'ಹಕ್ಕು' ಮತ್ತು 'ಸವಲತ್ತು' ಎರಡರ ನಡುವಿನ ವ್ಯತ್ಯಾಸ ಗಮನಿಸಿ. ಸೊಪ್ಪು ನಿಮ್ಮದು, ನೆಲ ನಿಮ್ಮದಲ್ಲ. ಅಜ್ಜ ಅಜ್ಜಿಯರ ಕಾಲದಲ್ಲಿ ಈ ವ್ಯತ್ಯಾಸ ಯಾರನ್ನೂ ಕಾಡಲಿಲ್ಲ. ಬೆಳಿಗ್ಗೆ ಎದ್ದು ಹಾಡಿಗೆ ಸೊಪ್ಪಿಗೆ ಹೋಗುವುದು, ಅದನ್ನು ಹಟ್ಟಿಗೆ ಹಾಕುವುದು, ಗೊಬ್ಬರ ಗದ್ದೆಗೆ ಹೋಗುವುದು, ಅಷ್ಟೇ ಬದುಕು. ಸೊಪ್ಪು ಬೇಕು ಅಂತ ಮರ ಉಳಿಸುತ್ತಿದ್ದರು. ಈಗ ಹಟ್ಟಿಯಲ್ಲಿ ದನ ಇಲ್ಲ, ಅಡುಗೆಗೆ ಗ್ಯಾಸ್ ಇದೆ, ಗದ್ದೆಗೆ ಯೂರಿಯಾ ಇದೆ. ಹಾಡಿಯ ಉಪಯೋಗ ಕಡಿಮೆಯಾದ ಹಾಗೆ ಅದರ ಮೇಲಿನ ಕಣ್ಣು 'ಜಾಗ'ದ ಕಣ್ಣಾಯಿತು. ರಬ್ಬರ್ ಹಾಕೋಣವಾ, ಅಡಿಕೆ ಹಾಕೋಣವಾ, ಸೈಟ್ ಮಾಡೋಣವಾ ಎಂಬ ಮಾತು ಬಂತು. ಕಾಡಿನ ಗಲಾಟೆ ಜೋರಾದದ್ದು ಈ ಬದಲಾವಣೆಯ ಮೇಲೆ.

3. ಗಡಿ ಕಲ್ಲು ಹೇಗೆ ಬೀಳುತ್ತದೆ?

1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯ ಒಂದೇ ದಿನದಲ್ಲಿ ಆಗುವುದಿಲ್ಲ. ಕಲಂ 4ರಲ್ಲಿ ಸರ್ಕಾರ 'ಈ ಜಾಗವನ್ನು ಮೀಸಲು ಅರಣ್ಯ ಮಾಡುವ ಉದ್ದೇಶ ಇದೆ' ಎಂದು ಅಧಿಸೂಚನೆ ಹೊರಡಿಸುತ್ತದೆ. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಅಹವಾಲು ಕೇಳಬೇಕು: ಯಾರ ದಾರಿ ಇದರೊಳಗೆ ಹೋಗುತ್ತದೆ, ಯಾರ ನೀರಿನ ತೋಡು ಇದೆ, ಯಾರು ದನ ಮೇಯಿಸುತ್ತಾರೆ. ಅದೆಲ್ಲ ತೀರ್ಮಾನವಾದ ಮೇಲೆ ಕಲಂ 17ರಲ್ಲಿ ಅಂತಿಮ ಘೋಷಣೆ. ಕಲಂ 4 ಮತ್ತು 17ರ ನಡುವೆ ದಶಕಗಳೇ ಕಳೆದ ಜಾಗಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಆ ನಡುಗಾಲದಲ್ಲಿ ಊರವರಿಗೂ ನೆಮ್ಮದಿ ಇಲ್ಲ, ಇಲಾಖೆಗೂ ಇಲ್ಲ.

ಇದರ ಮೇಲೆ 'ಡೀಮ್ಡ್ ಫಾರೆಸ್ಟ್' ಬಂತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಯಾರ ಹೆಸರೇ ಇರಲಿ, ಕಾಡಿನ ಲಕ್ಷಣ ಇದ್ದರೆ ಅದನ್ನು ಕಾಡೆಂದೇ ನೋಡಬೇಕು ಎಂದಿತು. ಕರ್ನಾಟಕದಲ್ಲಿ ಹಾಗೆ ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರ್. 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದರು. ಕರಾವಳಿಯಲ್ಲಿ ಈ ಪಟ್ಟಿಯಿಂದ ಮನೆ, ಶಾಲೆ, ಗದ್ದೆ ಇದ್ದ ಜಾಗಕ್ಕೂ ತೊಡಕಾಗಿತ್ತು, ಅದು ಬಿಟ್ಟುಹೋದದ್ದು ನ್ಯಾಯವೇ. ಆದರೆ ಪಟ್ಟಿಯಿಂದ ಹೊರಬಂದ ಹಾಡಿಯನ್ನು ಇನ್ನು ಮೇಲೆ ಯಾರು ಕಾಯುತ್ತಾರೆ? ಆ ಪ್ರಶ್ನೆ ಹಾಗೇ ಇದೆ.

ಮೂರನೆಯದು 2006ರ ಅರಣ್ಯ ಹಕ್ಕು ಕಾಯ್ದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸವಿದ್ದು ಅದನ್ನೇ ಆಧರಿಸಿ ಬದುಕುತ್ತಿದ್ದರೆ 4 ಹೆಕ್ಟೇರ್ ಮೀರದಂತೆ ಹಕ್ಕುಪತ್ರ ಕೇಳಬಹುದು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಮ್ಮ ಸೀಮೆಯಲ್ಲಿ ಇದರ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬಳ್ಳಿ, ಬಿದಿರಿನ ಬುಟ್ಟಿ ಹೆಣೆಯುವ ಕೊರಗರು ಪರಿಶಿಷ್ಟ ಪಂಗಡ. ಒಂದು ಕಾಲದಲ್ಲಿ ಕುಮರಿ ಬೇಸಾಯ ಮಾಡಿ, ಕಾಡಿನಲ್ಲಿ ಕಾಚು ತೆಗೆದು ಬದುಕಿದ್ದ ಕುಡುಬಿಯರು ರಾಜ್ಯದಲ್ಲಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅವರು 75 ವರ್ಷದ ಪುರಾವೆ ಒದಗಿಸಬೇಕು. ಕಾಡಿನಲ್ಲಿ ಬದುಕಿದವನ ಹತ್ತಿರ 75 ವರ್ಷ ಹಿಂದಿನ ಕಾಗದ ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಈ ಕಾಯ್ದೆಯ ನಿಯಮಗಳು ಊರ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪುತ್ತವೆ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಅದು ಜಾಗ ನೋಡಿ ತೀರ್ಮಾನಿಸಿದ ಮೇಲೆ ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ. ಇಲ್ಲಿ ಅರಣ್ಯ ಇಲಾಖೆ ಒಂದು ಭಾಗ ಮಾತ್ರ, ಯಜಮಾನ ಅಲ್ಲ.

4. ಗಸ್ತಿನವರ ಒಂದು ವರ್ಷ

ಜನವರಿಗೆ ಮೊದಲೇ ಬೆಂಕಿ ರೇಖೆ ಕೆಲಸ ಶುರು. ಕಾಡಿನ ಅಂಚಲ್ಲಿ, ರಸ್ತೆ ಬದಿಯಲ್ಲಿ ತರಗೆಲೆ ಗುಡಿಸಿ ಖಾಲಿ ಪಟ್ಟಿ ಮಾಡುತ್ತಾರೆ. ಬೆಂಕಿ ಅಲ್ಲಿಗೆ ಬಂದು ನಿಲ್ಲಬೇಕು. ನಮ್ಮ ಕಡೆ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಗುಡ್ಡೆಯಲ್ಲಿ ಹೊಸ ಹುಲ್ಲು ಬರಲಿ ಅಂತ ಇಟ್ಟದ್ದು, ಗೇರು ತೋಟ ಚೊಕ್ಕ ಮಾಡಲು ಹಾಕಿದ್ದು, ಬೀಡಿ ಬಿಸಾಡಿದ್ದು, ಹೀಗೆ ಮನುಷ್ಯರ ಕೈಯೇ ಕಾರಣ.

ಇಲ್ಲಿ ನಮ್ಮಂಥ ಎಂಜಿನಿಯರಿಂಗ್ ಮಕ್ಕಳಿಗೆ ಇಷ್ಟವಾಗುವ ಒಂದು ವಿಷಯ ಇದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದ ಮಾಹಿತಿ ನೋಡಿ ಬೆಂಕಿಯ ಎಚ್ಚರಿಕೆಯನ್ನು ಮೊಬೈಲಿಗೆ ಕಳಿಸುತ್ತದೆ. ಮೋಡಿಸ್ ಎಂಬ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 1 ಕಿ.ಮೀ. ಅಗಲ. ವಿಐಐಆರ್‌ಎಸ್ ಸೆನ್ಸರಿನಲ್ಲಿ 375 ಮೀಟರ್. ಲೆಕ್ಕ ಹಾಕಿ: 375 × 375 ಅಂದರೆ ಸುಮಾರು 1,40,600 ಚದರ ಮೀಟರ್, ಹತ್ತಿರ ಹತ್ತಿರ 35 ಎಕರೆ. ಅಂದರೆ ಎಸ್ಸೆಮ್ಮೆಸ್ ಬಂದರೂ ಆ 35 ಎಕರೆಯಲ್ಲಿ ಬೆಂಕಿ ಯಾವ ಮೂಲೆಯಲ್ಲಿ ಎಂದು ಹುಡುಕಲು ಕಾಲೇ ಬೇಕು. ಜೊತೆಗೆ ಉಪಗ್ರಹ ಒಂದು ಜಾಗದ ಮೇಲೆ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ. ನಡುವೆ ಹೊತ್ತಿದ ಬೆಂಕಿ ಮೊದಲು ಕಾಣುವುದು ಪಕ್ಕದ ಮನೆಯವರಿಗೆ. ಅವರು ಫೋನ್ ಮಾಡಿದರೆ ಕಾಡು ಉಳಿಯಿತು, 'ನಮಗೆ ಯಾಕೆ ಮಾರಾಯ' ಅಂದರೆ ಹೋಯಿತು. ತಂತ್ರಜ್ಞಾನ ಎಷ್ಟೇ ಇದ್ದರೂ ಕೊನೆಯ 375 ಮೀಟರ್ ಊರವರದ್ದೇ.

ಬೇಸಿಗೆಯಲ್ಲೇ ಚಿರತೆ ಕರೆ ಕೂಡ ಬರುತ್ತದೆ. ನಾಯಿ ಹಿಡಿಯಲು ಬಂದು ಕಟ್ಟೆ ಇಲ್ಲದ ಬಾವಿಗೆ ಬೀಳುವುದು ಬ್ರಹ್ಮಾವರ, ಕುಂದಾಪುರ ಕಡೆ ಹೊಸ ಸುದ್ದಿಯೇನಲ್ಲ. ಸಿಬ್ಬಂದಿ ಏಣಿ, ಬಲೆ, ಬೋನು ತರುತ್ತಾರೆ. ಆದರೆ ಅಲ್ಲಿ ಅತಿ ಕಷ್ಟದ ಕೆಲಸ ಚಿರತೆಯನ್ನು ಎತ್ತುವುದಲ್ಲ, ಮೊಬೈಲ್ ಹಿಡಿದು ನಿಂತ ಜನರನ್ನು ದೂರ ಇಡುವುದು. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಅದನ್ನೂ ತಿಳಿಸಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ. ಸತ್ತ ಮಂಗ ಅದರ ಮೊದಲ ಸೂಚನೆ ಆಗಿರಬಹುದು.

ಹಂದಿ, ಕಾಡುಕೋಣದಂಥ ಕಾಡುಪ್ರಾಣಿಗಳಿಂದ ಬೆಳೆ ಹಾಳಾದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಆದರೆ ಯಾವ ಪ್ರಾಣಿ, ಯಾವ ಬೆಳೆ ಎನ್ನುವುದರ ಮೇಲೆ ನಿಯಮ ಇದೆ. ಫೋಟೋ, ಪಹಣಿ, ಸ್ಥಳ ಪರಿಶೀಲನೆ ಎಲ್ಲ ಬೇಕು. ಒಂದು ರಾತ್ರಿಯಲ್ಲಿ ಹೋದ ಗದ್ದೆಗೆ ಪರಿಹಾರ ತಡವಾಗಿ ಬಂದರೆ, ಆ ರೈತ ಮುಂದಿನ ಸಲ ಇಲಾಖೆಗೆ ಫೋನ್ ಮಾಡುವುದಿಲ್ಲ, ಉರುಳು ಇಡುವವನನ್ನು ಕರೆಯುತ್ತಾನೆ. ಆ ಉರುಳಿಗೆ ಹಂದಿಯ ಬದಲು ಚಿರತೆ ಬೀಳುತ್ತದೆ. ಪರಿಹಾರ ಬೇಗ ಕೊಡುವುದೂ ಕಾಡು ಕಾಯುವ ಕೆಲಸವೇ.

5. ಗ್ರಾಮ ಅರಣ್ಯ ಸಮಿತಿ

ಪಶ್ಚಿಮ ಬಂಗಾಳದ ಮಿಡ್ನಾಪುರದ ಅರಬಾರಿಯಲ್ಲಿ 1970ರ ದಶಕದ ಮೊದಲಲ್ಲಿ ಅರಣ್ಯಾಧಿಕಾರಿ ಅಜಿತ್ ಕುಮಾರ್ ಬ್ಯಾನರ್ಜಿ ಒಂದು ಪ್ರಯೋಗ ಮಾಡಿದರು. ಕಾಡು ಕಾದರೆ ಬಂದ ಆದಾಯದಲ್ಲಿ 25% ನಿಮಗೆ ಎಂದು ಹಳ್ಳಿಯವರಿಗೆ ಹೇಳಿದರು. ಬೋಳಾಗಿದ್ದ ಸಾಲ್ ಕಾಡು ಮತ್ತೆ ಚಿಗುರಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, 1990ರ ಜೂನ್‌ನ ಕೇಂದ್ರದ ಸುತ್ತೋಲೆ ಇವುಗಳ ಹಿಂದೆ ಈ ಅನುಭವ ಇದೆ. ಕರ್ನಾಟಕ 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಪಕ್ಕದ ಉತ್ತರ ಕನ್ನಡದಲ್ಲಿ ಬ್ರಿಟನ್ನಿನ ನೆರವಿನ ಯೋಜನೆಯಡಿ ಇದು ಶುರುವಾಗಿ ಬೇರೆ ಜಿಲ್ಲೆಗಳಿಗೆ ಹಬ್ಬಿತು.

ಸಮಿತಿಯ ರಚನೆ ಸರಳ. ಊರವರು ಸದಸ್ಯರು, ಅಧ್ಯಕ್ಷರು ಊರವರೇ, ಸದಸ್ಯ ಕಾರ್ಯದರ್ಶಿ ಇಲಾಖೆಯವರು. ಸೂಕ್ಷ್ಮ ಯೋಜನೆ ತಯಾರಿಸಿ, ಎಲ್ಲಿ ಏನು ನೆಡಬೇಕು, ಎಲ್ಲಿ ಮೇಯಿಸಬಾರದು ಎಂದು ತೀರ್ಮಾನ. ಜೇನು, ರಾಮಪತ್ರೆ, ಶೀಗೆ, ಅಂಟುವಾಳದಂಥ ಕಿರು ಉತ್ಪನ್ನ ಮತ್ತು ನೆಡುತೋಪಿನ ಆದಾಯದಲ್ಲಿ ಸಮಿತಿಗೆ ಪಾಲು. ಅಭಯಾರಣ್ಯದ ಅಂಚಿನಲ್ಲಾದರೆ ಇದೇ ರೀತಿಯ ಪರಿಸರ ಅಭಿವೃದ್ಧಿ ಸಮಿತಿ.

ರಾಜ್ಯದಲ್ಲಿ ಇದರ ಅನುಭವ ಏನು? ಯೋಜನೆಯ ಹಣ ಇದ್ದಷ್ಟು ದಿನ ಸಭೆ ನಡೆದವು. ಹಣ ನಿಂತ ಮೇಲೆ ಬಹಳ ಕಡೆ ಸಮಿತಿ ಬೋರ್ಡಿನಲ್ಲಷ್ಟೇ ಉಳಿಯಿತು. ಕಾರ್ಯದರ್ಶಿ ವರ್ಗವಾಗಿ ಹೋದರೆ ಪುಸ್ತಕ ತೆರೆಯುವವರಿಲ್ಲ. ಉಳಿದದ್ದು ಎಲ್ಲಿ ಅಂದರೆ, ಊರವರಿಗೆ ಕಾಡಿನಿಂದ ನಿಜವಾಗಿ ಏನಾದರೂ ಸಿಗುವ ಕಡೆ ಮತ್ತು ಯಾವ ಗಿಡ ನೆಡಬೇಕು ಎಂದು ಊರವರನ್ನು ಕೇಳಿದ ಕಡೆ.

6. ಯಾವ ಗಿಡ? ಅಕೇಶಿಯಾ ಕಲಿಸಿದ ಪಾಠ

1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ನಂತರ ಕರಾವಳಿಯ ಜಂಬಿಟ್ಟಿಗೆ ಗುಡ್ಡೆಗಳ ಮೇಲೆ ಅಕೇಶಿಯಾ ಆವರಿಸಿತು. ಕಾರಣ ಇಲ್ಲದೆ ಅಲ್ಲ: ಬೋಳು ಕಲ್ಲಿನ ಮೇಲೂ ಬದುಕುತ್ತದೆ, ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲವಾದ್ದರಿಂದ ಬೇಲಿ ಬೇಡ, ಕಟ್ಟಿಗೆ ಸಿಗುತ್ತದೆ. ಇಲಾಖೆಯ ಲೆಕ್ಕದಲ್ಲಿ ಹಸಿರು ಹೆಚ್ಚಾಯಿತು. ಆದರೆ ಆಸ್ಟ್ರೇಲಿಯಾ ಮೂಲದ ಈ ಮರದ ಎಲೆ ಬೇಗ ಕೊಳೆಯುವುದಿಲ್ಲ, ಹಟ್ಟಿಗೂ ಆಗುವುದಿಲ್ಲ. ಅಡಿಯಲ್ಲಿ ಹುಲ್ಲು ಕಡಿಮೆ. ಮಂಗಕ್ಕೆ, ಹಕ್ಕಿಗೆ ತಿನ್ನಲು ಹೆಚ್ಚೇನೂ ಇಲ್ಲ. ಕಾಡಿನಲ್ಲಿ ಹಣ್ಣಿಲ್ಲದ ಮಂಗ ತೋಟಕ್ಕೆ ಬರುವುದರಲ್ಲಿ ಆಶ್ಚರ್ಯ ಏನು?

ಊರ ಅಜ್ಜಿಯನ್ನು ಕೇಳಿದ್ದರೆ ಹಲಸು, ಹೆಬ್ಬಲಸು, ಮುರುಗಲು, ನೇರಳೆ, ದೂಪ, ಹೊನ್ನೆ, ಮತ್ತಿ ಎಂದು ಬೆರಳು ಮಡಚಿ ಹೇಳುತ್ತಿದ್ದಳು. ಈಗ ಇಲಾಖೆಯ ನರ್ಸರಿಗಳಲ್ಲೂ ಇಂಥ ಸ್ಥಳೀಯ ಗಿಡಗಳು ಸಿಗುತ್ತವೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದಲ್ಲಿ ಗಿಡ ಒಯ್ದು ಸ್ವಂತ ಜಾಗದಲ್ಲಿ ನೆಟ್ಟರೆ, ಬದುಕಿದ ಪ್ರತಿ ಗಿಡಕ್ಕೆ ಮೂರು ವರ್ಷದಲ್ಲಿ 35, 40, 50 ಹೀಗೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ ಎಂಬುದು ಇದರ ಒಳ್ಳೆಯ ಅಂಶ.

7. ಕಾಂಡ್ಲಾ ಮತ್ತು ಕಡಲಾಮೆ

ಅರಣ್ಯ ಇಲಾಖೆಯ ಕೆಲಸ ಗುಡ್ಡೆಯಲ್ಲಿ ಮುಗಿಯುವುದಿಲ್ಲ. ಪಂಚಗಂಗಾವಳಿಯ ಹಿನ್ನೀರಿನಲ್ಲಿ, ಸೀತಾ ನದಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿದೆ. ಇದರ ಬೀಜ ಕೆಲವು ಜಾತಿಗಳಲ್ಲಿ ಮರದ ಮೇಲೆಯೇ ಮೊಳೆತು ಉದ್ದನೆಯ ಕೋಲಾಗಿ ಕೆಸರಿಗೆ ಬೀಳುತ್ತದೆ. ಇಲಾಖೆಯವರು ಅದನ್ನೇ ಆರಿಸಿ ನೆಡುತ್ತಾರೆ. ಎಲ್ಲಿ ಕೆಸರು ನಿಲ್ಲುತ್ತದೆ, ಇಳಿತದಲ್ಲಿ ಎಷ್ಟು ಹೊತ್ತು ನೆಲ ಕಾಣುತ್ತದೆ ಎಂಬುದು ದೋಣಿಯಲ್ಲಿ ಓಡಾಡುವವರಿಗೆ ಚೆನ್ನಾಗಿ ಗೊತ್ತು. ಅವರನ್ನು ಕೇಳದೆ ನೆಟ್ಟದ್ದು ಮುಂದಿನ ಮಳೆಗೆ ಕೊಚ್ಚಿ ಹೋಗುತ್ತದೆ. ಏಡಿ, ಸಿಗಡಿ, ಮೀನಿನ ಮರಿ ಬೆಳೆಯುವುದು ಈ ಬೇರಿನ ಬುಡದಲ್ಲಿ. ಹೊಳೆಮೀನು ಹಿಡಿಯುವವರ ಪಾಲಿಗೆ ಕಾಂಡ್ಲಾ ಉಳಿಸುವುದು ಪರಿಸರ ಪ್ರೇಮ ಅಲ್ಲ, ನಾಳೆಯ ಊಟ.

ಕುಂದಾಪುರದ ಕೋಡಿ ಕಡಲತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ, ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಮರಿ ಹೊರಬರಲು 45ರಿಂದ 60 ದಿನ. ಮರಳಿನ ಶಾಖ ಹೆಚ್ಚಿದ್ದರೆ ಹೆಣ್ಣು, ಕಡಿಮೆ ಇದ್ದರೆ ಗಂಡು ಹೆಚ್ಚಾಗಿ ಹುಟ್ಟುತ್ತವೆ. ರಾತ್ರಿ ಆಮೆಯ ಜಾಡನ್ನು ಮೊದಲು ಕಾಣುವವರು ಮೀನುಗಾರರು. ಅವರು ಹೇಳಿದರೆ ಗೂಡಿನ ಸುತ್ತ ಬಲೆ ಕಟ್ಟಿ ನಾಯಿ, ನರಿಯಿಂದ ಕಾಯಬಹುದು. ಎಫ್‌ಎಸ್‌ಎಲ್ ಇಂಡಿಯಾದಂಥ ಸಂಸ್ಥೆಗಳು, ಸ್ಥಳೀಯ ಸ್ವಯಂಸೇವಕರು, ಅರಣ್ಯ ಇಲಾಖೆ ಸೇರಿ ಇಲ್ಲಿ ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಮೊಟ್ಟೆ ಅಗೆದು ತೆಗೆಯುತ್ತಿದ್ದ ಕಡೆ ಈಗ ಮರಿ ಬಿಡುವುದನ್ನು ನೋಡಲು ಶಾಲೆಯ ಮಕ್ಕಳು ಬರುತ್ತಾರೆ.

ಇಲ್ಲೂ ಒಂದು ತೊಡಕಿದೆ. ಮರಳು ಹಾರದಂತೆ, ಗಾಳಿ ತಡೆಯಲು ಕಡಲ ಬದಿಗೆ ಗಾಳಿ ಮರ ನೆಡುವುದು ಹಳೆಯ ಪದ್ಧತಿ. ಆದರೆ ನೀರಿಗೆ ತೀರಾ ಹತ್ತಿರ ದಟ್ಟವಾಗಿ ನೆಟ್ಟರೆ ಆಮೆಗೆ ಗೂಡು ತೋಡಲು ಬಯಲು ಮರಳೇ ಸಿಗುವುದಿಲ್ಲ. ರಾತ್ರಿಯ ಹೈಮಾಸ್ಟ್ ದೀಪ ಇನ್ನೊಂದು ಸಮಸ್ಯೆ: ಮರಿಗಳು ಕಡಲಿನ ಬೆಳಕು ಎಂದುಕೊಂಡು ರಸ್ತೆ ಕಡೆ ಹೋಗುತ್ತವೆ. ಹಾಗಾಗಿ ಮರ ನೆಡುವುದು ಯಾವಾಗಲೂ ಒಳ್ಳೆಯದೇ ಎಂದು ಹೇಳಲಾಗದು. ಎಲ್ಲಿ, ಯಾವುದು, ಯಾರಿಗಾಗಿ ಎಂಬುದನ್ನು ಮೊದಲು ಕೇಳಬೇಕು.

8. ನಾವು ಏನು ಮಾಡಬಹುದು?

ಮೊದಲು, ನಿಮ್ಮ ಮನೆ ಹಿಂದಿನ ಹಾಡಿ ಯಾವ ಲೆಕ್ಕದ್ದು ಎಂದು ತಿಳಿದುಕೊಳ್ಳಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ, ಅದರಿಂದ ಪಹಣಿ ತೆಗೆಯಿರಿ. ಕುಮ್ಕಿಯಾ, ಮೀಸಲು ಅರಣ್ಯವಾ, ಗೋಮಾಳವಾ ನೋಡಿ. ಮನೆಯವರಿಗೂ ಹೇಳಿ, ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಎರಡು, ಬೆಂಕಿ, ಚಿರತೆ, ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವಿಡಿಯೋ ಆಮೇಲೆ.

ಮೂರು, ಗ್ರಾಮಸಭೆಗೆ ಹೋಗಿ. ಅರಣ್ಯ ಹಕ್ಕಿನ ಅರ್ಜಿ, ಗ್ರಾಮ ಅರಣ್ಯ ಸಮಿತಿಯ ಲೆಕ್ಕ ಎರಡನ್ನೂ ಕೇಳುವ ಜಾಗ ಅದೇ. ಇಂಗ್ಲಿಷ್ ಫಾರ್ಮ್ ತುಂಬಲು ಬರದ ಹಿರಿಯರ ಪಕ್ಕ ಕೂತು ಒಂದು ಅರ್ಜಿ ತುಂಬಿಕೊಟ್ಟರೂ ಅದು ದೊಡ್ಡ ಕೆಲಸ.

ನಾಲ್ಕು, ಕೊನೆ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೀರಾ? ಕಾಡಂಚಿನ ಮನೆಗೆ ಕಡಿಮೆ ಖರ್ಚಿನ ಹೊಗೆ ಸೆನ್ಸರ್, ಆಮೆ ಗೂಡಿನ ಮರಳಿನ ಶಾಖ ಅಳೆಯುವ ಲಾಗರ್, ಬೆಳೆಹಾನಿ ಅರ್ಜಿಯನ್ನು ಕನ್ನಡದಲ್ಲಿ ಫೋಟೋ ಸಮೇತ ತುಂಬುವ ಸರಳ ಆ್ಯಪ್. ಮೂರಕ್ಕೂ ಬಳಕೆದಾರರು ನಮ್ಮೂರಲ್ಲೇ ಇದ್ದಾರೆ. ಆದರೆ ಸರ್ಕ್ಯೂಟ್ ಬಿಡಿಸುವ ಮೊದಲು ಒಬ್ಬ ಗಸ್ತಿನವರ ಜೊತೆ, ಒಬ್ಬ ಮೀನುಗಾರರ ಜೊತೆ ಒಂದು ದಿನ ಓಡಾಡಿ. ಅವರಿಗೆ ಏನು ಬೇಕು ಎಂಬುದು ಆಗ ಗೊತ್ತಾಗುತ್ತದೆ.

ಯೋಚಿಸಿ ನೋಡಿ

* ನಿಮ್ಮ ಮನೆಯಲ್ಲಿ ಹಾಡಿಯಿಂದ ಕೊನೆಯ ಸಲ ಏನನ್ನು ತಂದಿದ್ದು, ಯಾವ ವರ್ಷ?
* ಡೀಮ್ಡ್ ಫಾರೆಸ್ಟ್ ಪಟ್ಟಿಯಿಂದ ಹೊರಬಂದ ಒಂದು ಹಾಡಿಯನ್ನು ಉಳಿಸಲು ಗ್ರಾಮ ಪಂಚಾಯಿತಿ ಏನು ಮಾಡಬಹುದು?
* ನಿಮ್ಮ ಊರಿನ ನಾಗಬನದಲ್ಲಿ ಈಗ ಮರ ಎಷ್ಟಿವೆ, ಕಾಂಕ್ರೀಟ್ ಎಷ್ಟಿದೆ? ಕಾಯಲು ಯಾವ ಇಲಾಖೆಯೂ ಇಲ್ಲದೆ ಇಷ್ಟು ಕಾಲ ಉಳಿದ ಕಾಡು ಈಗ ನಮ್ಮ ಕೈಯಲ್ಲೇ ಯಾಕೆ ಕಡಿಮೆಯಾಗುತ್ತಿದೆ?

ಉತ್ತರ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದರ ಮೇಲೆಯೇ ಚರ್ಚೆ ಮಾಡೋಣ.